ಗಿರಣಿ ಬಾಗಿಲಲ್ಲಿ ನಿಂತ ಕುದುರೆ

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನ್ಯಾಯಾಧೀಶರು ಕುದುರೆಯೇರಿ ಊರೂರಿಗೆ ಹೋಗಿ ನ್ಯಾಯ ಹೇಳುತ್ತಿದ್ದ ಕಾಲವದು. ವಕೀಲರಾಗಿದ್ದ ಟಾಲ್ಮನ್ನರು ದೈವಕೃಪೆಯಿಂದ ನ್ಯಾಯಾಧೀಶರಾಗಿ ಮೊದಲ ಸಲ ಹೊರಟಿದ್ದರು. ಜೀನಿನ ಮೇಲೆ ಅವರಿಗೆ ತೂಕಡಿಕೆ ಹತ್ತಿತು. ಕುದುರೆ ಹಳೆಯ ರೂಢಿಯಂತೆ ಗಿರಣಿ ಯಜಮಾನನ ಬಾಗಿಲಲ್ಲಿ ನಿಂತುಬಿಟ್ಟಿತು.

ಚೀಲದೊಳಗಿದ್ದ ನ್ಯಾಯದ ಸುತ್ತಿಗೆ ಕೇಳಿತು: “ಯಾಕಪ್ಪಾ ನಿಂತೆ?”

“ಅಯ್ಯನವರು ವಕೀಲರಾಗಿದ್ದಾಗ ಇಲ್ಲೇ ಇಳಿಯುತ್ತಿದ್ದೆವು. ನನಗೆ ಬುಟ್ಟಿ ತುಂಬ ಓಟ್ಸ್ ಇಡುತ್ತಿದ್ದರು.”

“ನಾಳೆ ಈ ಯಜಮಾನನಿಗೂ ಹೊಳೆಯಾಚೆಯ ರೈತನಿಗೂ ನೀರಿನ ವ್ಯಾಜ್ಯ. ತೀರ್ಪು ನಮ್ಮದು.”

“ನಾನು ತಿಂದರೇನಾಯಿತು? ತೀರ್ಪು ಹೇಳುವವನು ನಾನೇ?”

“ನಿನ್ನ ಹಣೆಯ ಬಿಳಿ ಚುಕ್ಕೆಯನ್ನು ಊರೆಲ್ಲ ಬಲ್ಲದು ಮಾರಾಯ. ನೀನಿಲ್ಲಿ ಮೇಯುತ್ತಿದ್ದರೆ ಅಯ್ಯನವರು ಒಳಗೆ ಉಣ್ಣುತ್ತಿದ್ದಾರೆ ಅಂತಲೇ ಜನ ತಿಳಿಯುತ್ತಾರೆ. ಆಮೇಲೆ ನಾನೆಷ್ಟು ಕುಟ್ಟಿದರೂ ಯಾರು ನಂಬುತ್ತಾರೆ?”

ಕುದುರೆ ಬಾಗಿಲ ಬಳಿ ಇಟ್ಟಿದ್ದ ಓಟ್ಸ್ ಬುಟ್ಟಿಯನ್ನು ಒಮ್ಮೆ ಮೂಸಿ, ನಿಟ್ಟುಸಿರು ಬಿಟ್ಟು ಮುಂದೆ ನಡೆಯಿತು. ಅಂದು ಅದಕ್ಕೆ ಸಿಕ್ಕಿದ್ದು ಛತ್ರದ ಒಣಹುಲ್ಲು.

ಮರುದಿನ ಸಾಕ್ಷ್ಯವೆಲ್ಲ ಯಜಮಾನನ ಕಡೆಗೇ ಇತ್ತು. ರೈತ ಸೋತ. ಚೀಲಕ್ಕೆ ಮರಳಿದ ಸುತ್ತಿಗೆಯ ಮೇಲೆ ಕುದುರೆ ರೇಗಿತು: “ಅವನೇ ಗೆಲ್ಲುವುದಿದ್ದರೆ ನನ್ನನ್ನೇಕೆ ಉಪವಾಸ ಕೆಡವಿದೆ?”

ಅಷ್ಟರಲ್ಲಿ ಸೋತ ರೈತನೇ ಬಂದು ಕುದುರೆಯ ಕುತ್ತಿಗೆ ಸವರಿದ. “ನಿನ್ನೆ ನೀನು ಆ ಬಾಗಿಲಲ್ಲಿ ಉಳಿಯದೆ ಹೋದದ್ದನ್ನು ಕಣ್ಣಾರೆ ಕಂಡೆ. ಸೋತರೂ ನನಗಿವತ್ತು ಒಳ್ಳೆಯ ನಿದ್ದೆ ಬರುತ್ತದೆ,” ಎಂದು ಬೊಗಸೆ ತುಂಬ ಓಟ್ಸ್ ಹಿಡಿದ.

ಕುದುರೆ ಬಾಯಿ ಹಾಕದೆ ಚೀಲದ ಕಡೆ ತಿರುಗಿ ನೋಡಿತು.

“ತೀರ್ಪಾಯಿತಲ್ಲ, ಇನ್ನು ತಿನ್ನು,” ಎಂದಿತು ಸುತ್ತಿಗೆ.