ಮಲಗಿದಾಗ ಸರಿ ನಡೆದ ಗಡಿಯಾರ

"ಗುರುಗಳೇ, ಗುಡ್ಡದ ಗವಿಯಲ್ಲಿ ಕೂತರೆ ನನಗೆ ಸಿಟ್ಟೇ ಬರುವುದಿಲ್ಲ. ದಾಸೋಹದಲ್ಲಿ ಬಡಿಸಲು ನಿಂತರೆ ಮಾತ್ರ ಎಲ್ಲಿಲ್ಲದ ಸಿಟ್ಟು. ನನ್ನನ್ನು ಗವಿಯಲ್ಲೇ ಇರಲು ಬಿಡಬಾರದೇ?" ಎಂದು ಶಿಷ್ಯ ಪಂಚಾಕ್ಷರಿ ಕೇಳಿದ.

ಹಿಂದಿನ ದಿನವಷ್ಟೇ ಅವನು, ಎರಡನೆಯ ಸಲ ಸಾರು ಕೇಳಿದ ಮುದುಕನೊಬ್ಬನ ಮೇಲೆ ರೇಗಿದ್ದ. ಮುದುಕ ಅರ್ಧ ಊಟಕ್ಕೇ ಎದ್ದು ಹೋಗಿದ್ದ. ಪಂಚಾಕ್ಷರಿಗೆ ಬಹಳ ನಾಚಿಕೆಯಾಗಿತ್ತು. ಆ ನಾಚಿಕೆಯೇ ಅವನನ್ನು ಗವಿಯ ಕಡೆ ಎಳೆಯುತ್ತಿತ್ತು. ಗುರುಗಳಿಗೆ ಇದು ತಿಳಿಯದ್ದೇನಲ್ಲ. ಅವರು ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಕತೆ ಶುರು ಮಾಡಿದರು.

"ಕೈಗಡಿಯಾರದ ಕಾರ್ಖಾನೆಯೊಂದರಲ್ಲಿ ಒಬ್ಬ ಜೋಡಣೆಗಾರನಿದ್ದ. ಕೈಚಳಕದವನು, ಅಷ್ಟೇ ಜಂಬದವನು. ಅವನು ಜೋಡಿಸಿದ ಗಡಿಯಾರ ಮೇಜಿನ ಮೇಲೆ ಅಂಗಾತ ಇಟ್ಟರೆ ಕ್ಷಣ ತಪ್ಪದೆ ನಡೆಯುತ್ತಿತ್ತು. ಅದನ್ನು ಪರೀಕ್ಷಕಿಯ ಬಳಿ ಒಯ್ದ. ಅವಳು ಒಪ್ಪದೆ ಯಾವ ಗಡಿಯಾರವೂ ಕಾರ್ಖಾನೆಯ ಬಾಗಿಲು ದಾಟುವಂತಿರಲಿಲ್ಲ. ಅವಳು ಅದನ್ನು ಅಂಗಾತ ಇಟ್ಟಳು, ಬೋರಲು ಇಟ್ಟಳು, ಆಮೇಲೆ ನೇರ ನಿಲ್ಲಿಸಿದಳು. ನಿಲ್ಲಿಸಿದ್ದೇ ತಡ, ಗಡಿಯಾರ ಹಿಂದೆ ಬಿತ್ತು. ಮರಳಿ ಕೊಟ್ಟಳು.

ಅವನು ವೇಗ ಕೊಂಚ ಹೆಚ್ಚಿಸಿ ತಂದ. ಈಗ ನಿಂತಾಗ ಸರಿ. ಮಲಗಿದರೆ ಮುಂದೆ ಓಡಿತು. ಅವಳು ಮತ್ತೆ ಮರಳಿ ಕೊಟ್ಟಳು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನೂ ಹಾಗೇ, 'ಅಕ್ಕಾ, ನೀವು ನಿಲ್ಲಿಸೋದೇ ತಪ್ಪು. ಕೊಂಡವರು ಮೇಜಿನ ಮೇಲೆ ಮಲಗಿಸಿಯೇ ಇಟ್ಕೊಳ್ಳಲಿ' ಅಂದ.

'ಇದನ್ನ ಕಟ್ಕೊಳ್ಳೋ ಕೈ ದಿನವೆಲ್ಲ ಮಲಗೇ ಇರುತ್ತೇನಪ್ಪಾ?' ಅಂದಳು ಅವಳು."

ಪಂಚಾಕ್ಷರಿ ನಕ್ಕುಬಿಟ್ಟ. ಗುರುಗಳು ನಗಲಿಲ್ಲ.

"ಅವನಿಗೆ ಅವಮಾನವಾಯಿತು. ಆದರೂ ಹಟ ಹಿಡಿದು ಕೂತ. ಈ ಸಲ ವೇಗದ ಗೊಡವೆಗೆ ಹೋಗದೆ ಇಡೀ ಗಡಿಯಾರ ಬಿಚ್ಚಿ, ಒಳಗೆ ಅತ್ತಿತ್ತ ತೂಗಾಡುವ ಚಕ್ರವನ್ನೇ ಹೊರತೆಗೆದ. ಅದರ ಒಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಭಾರ ಹೆಚ್ಚಿತ್ತು. ಮಲಗಿದ್ದಾಗ ಆ ಭಾರ ಗೊತ್ತಾಗುತ್ತಿರಲಿಲ್ಲ. ಉಜ್ಜಿದ, ಜೋಡಿಸಿದ, ನಿಲ್ಲಿಸಿ ನೋಡಿದ, ಸರಿಯಾಗಲಿಲ್ಲ. ಮತ್ತೆ ಬಿಚ್ಚಿದ. ಕಣ್ಣು ಉರಿದವು, ಬಿಡಲಿಲ್ಲ. ಕೊನೆಗೊಮ್ಮೆ ಗಡಿಯಾರ ಹೇಗಿಟ್ಟರೂ ಒಂದೇ ಸಮ ನಡೆಯಿತು. ಅದನ್ನು ಪರೀಕ್ಷಕಿಯ ಮುಂದಿಟ್ಟು, 'ಅಕ್ಕಾ, ಮೊದಲು ನಿಲ್ಲಿಸಿಯೇ ನೋಡಿ' ಅಂದ."

ಅಷ್ಟರಲ್ಲಿ ಊಟದ ಗಂಟೆ ಕೇಳಿಸಿತು. ಜನ ಪಂಕ್ತಿಯಲ್ಲಿ ಕೂರತೊಡಗಿದರು. ನಿನ್ನೆಯ ಮುದುಕನೂ ಬಂದು ಒಂದು ತುದಿಯಲ್ಲಿ ಕೂತಿದ್ದ. ಪಂಚಾಕ್ಷರಿ ಅವನನ್ನು ನೋಡಿದ, ಗುಡ್ಡದ ಕಡೆ ನೋಡಿದ. "ಹಾಗಾದರೆ ಗವಿ?" ಎಂದು ಕೇಳಿದ.

"ಸಾರಿನ ಸೌಟು ತಗೋ, ಆ ಮುದುಕನಿಂದಲೇ ಶುರು ಮಾಡು" ಎಂದರು ಗುರುಗಳು.