ಅಜ್ಜಿನಾಲಿಗೆ ಬಂಡೆ

ಸೋಲಿಗರ ಹಾಡಿಯಾದ ಗೊರಸಿಪೋಡಿನಿಂದ ಗುಡ್ಡದ ಮೇಲಕ್ಕೆ ಹೋಗುವ ಕಾಲುದಾರಿ ಎರಡು ಮರಗಳ ನಡುವೆ ನುಸುಳಿ ಒಂದು ಚಪ್ಪಟೆ ಬಂಡೆಯ ಮೇಲೆ ಮುಗಿಯುತ್ತದೆ. ಒಂದು ತರಗತಿಯ ಮಕ್ಕಳು ಆರಾಮಾಗಿ ಕಾಲು ಚಾಚಿ ಕೂರುವಷ್ಟು ಅಗಲದ ಬಂಡೆ ಅದು. ಅಜ್ಜಿನಾಲಿಗೆ ಎಂಬ ಹೆಸರು ಕೇಳಿ ಬಂದ ಪಟ್ಟಣದವರು ನಾಲಿಗೆಯ ಆಕಾರ ಹುಡುಕುತ್ತಾ ಅದನ್ನು ಸುತ್ತು ಹಾಕುತ್ತಾರೆ. ಕೆಲವರು ಯಾವುದೋ ಒಂದು ಮೂಲೆ ತೋರಿಸಿ ಇದೇ ಇರಬೇಕೆಂದು ತೀರ್ಮಾನಿಸಿ ಫೋಟೊ ತೆಗೆದುಕೊಂಡೂ ಹೋಗುತ್ತಾರೆ. ಪೋಡಿನ ಸೋಲಿಗರು ಅವರ ಉತ್ಸಾಹ ಕೆಡಿಸುವುದೇಕೆ ಎಂದು ನಕ್ಕು ಸುಮ್ಮನಾಗುತ್ತಾರೆ. ನೋಡಬೇಕಾದದ್ದು ಬಂಡೆಯನ್ನಲ್ಲ, ದಾರಿಯ ಆಚೀಚೆ ನಿಂತ ಆ ಮರಗಳನ್ನು. ಒಂದು ಕೊಡಸಿಗೆ, ಇನ್ನೊಂದು ಹಾಲೆ. ಎರಡರಲ್ಲೂ ಬಿಳಿ ಹೂ, ಎಲೆ ಚಿವುಟಿದರೆ ಎರಡರಲ್ಲೂ ಹಾಲು, ಎರಡಕ್ಕೂ ಜೋಡಿಜೋಡಿಯಾಗಿ ಜೋಲುವ ಉದ್ದನೆಯ ಕಾಯಿ. ಹೊಸಬರಿಗೆ ಗುರುತು ಹತ್ತುವುದು ಸುಲಭವಲ್ಲ.

ಕಾಡಿಗೆ ಇನ್ನೂ ಯಾರೂ ಗಡಿಕಲ್ಲು ನೆಡದಿದ್ದ ಕಾಲದಲ್ಲಿ ಈ ಪೋಡಿನ ಮದ್ದಿನ ಚೀಲ ಕೇತಜ್ಜಿಯ ಹೆಗಲಲ್ಲಿತ್ತು ಎನ್ನುತ್ತಾರೆ. ಬಂಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಆಕೆ ಗಿಡಮರಗಳ ಪಾಠ ಹೇಳುತ್ತಿದ್ದಳು. ಮಾಗಳಿ ಬೇರನ್ನು ಮೂಸಿ ಹೇಗೆ ತಿಳಿಯಬೇಕು, ಗೆಣಸು ಅಗೆದವರು ಅದರ ತಲೆಯನ್ನು ಏಕೆ ಮತ್ತೆ ಮಣ್ಣಿಗೆ ಹಾಕಿ ಬರಬೇಕು, ತೊಗಟೆ ಕಿತ್ತ ಜಾಗಕ್ಕೆ ಒದ್ದೆ ಮಣ್ಣು ಮೆತ್ತದೆ ಏಕೆ ಹಿಂದಿರುಗಬಾರದು, ಎಲ್ಲವನ್ನೂ ಕಲಿಸುತ್ತಿದ್ದಳು. ಕಲಿಸುವ ಬಗೆ ಮಾತ್ರ ವಿಚಿತ್ರ. ಮೊದಲು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿಸುವಳು. ಆಮೇಲೆ ಎಲೆ, ಬೇರು, ತೊಗಟೆಗಳನ್ನು ಒಂದೊಂದಾಗಿ ಕೈಗಿಡುವಳು. ತಾನು ಕೊಟ್ಟದ್ದನ್ನು ಬಿಟ್ಟು ಬೇರೇನನ್ನೂ ನಾಲಿಗೆಗೆ ತಾಗಿಸಕೂಡದೆಂಬುದು ಆಕೆಯ ಕಟ್ಟಪ್ಪಣೆ. ಕಣ್ಣು ಮೋಸ ಹೋದೀತು, ನನ್ನ ನಾಲಿಗೆ ಹೋಗದು ಎಂದು ಜಂಬ ಕೊಚ್ಚಿಕೊಳ್ಳುವುದೂ ಇತ್ತು. ನಿಜ ಸಂಗತಿಯೆಂದರೆ ಅಜ್ಜಿಯ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಮದ್ದು ಕೊಡುವವರು ಮರದ ಮುಖ ನೋಡಿ ಅಪ್ಪಣೆ ಕೇಳಿಕೊಂಡೇ ತೊಗಟೆ ಕೀಳಬೇಕು, ಕಣ್ಣು ಹೋದವರು ಚೀಲ ಇಳಿಸಬೇಕು ಎಂಬುದು ಪೋಡಿನ ಕಟ್ಟಳೆ. ಚೀಲ ಇಳಿದರೆ ಪಾಠವೂ ನಿಲ್ಲುತ್ತದೆ. ಆ ಮಕ್ಕಳ ಗಲಾಟೆಯಿಲ್ಲದೆ ತಾನು ಬದುಕಿ ಏನು ಮಾಡಲಿ ಎಂದು ಆಕೆ ಈ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು.

ಒಂದು ಮಳೆಗಾಲ ಯಜಮಾನ ಜಡೆಯನ ಮೊಮ್ಮಗನಿಗೆ ರಕ್ತಭೇದಿ ಹತ್ತಿತು. ಮಾತು ಕಲಿಯುತ್ತಿದ್ದ ಕೂಸು ಒಂದೇ ದಿನಕ್ಕೆ ಬಾಡಿ ಹೋಯಿತು. ಭೇದಿಗೆ ಕಹಿಯಾದ ಕೊಡಸಿಗೆ ತೊಗಟೆ, ಮೈ ತುರಿಕೆಗೆ ಸಪ್ಪೆಯಾದ ಹಾಲೆ ತೊಗಟೆ. ಎರಡನ್ನೂ ಕೇತಜ್ಜಿ ಒಣಗಿಸಿ ಎರಡು ಬಿದಿರ ಅಂಡೆಗಳಲ್ಲಿ ಇಟ್ಟಿದ್ದಳು. ಸೂರು ಸೋರುತ್ತಿದೆಯೆಂದು ಸೊಸೆ ಅಂಡೆಗಳ ಜಾಗ ಬದಲಿಸಿದ್ದಳು. ಅದಕ್ಕೇನಂತೆ, ಅಜ್ಜಿ ಎಂದಿನಂತೆ ಒಂದು ಚೂರು ಕಚ್ಚಿ ನೋಡಿದಳು. ಕಹಿ. ಕೊಡಸಿಗೆಯೇ ಸರಿ ಎಂದು ಕೊಟ್ಟು ಕಳಿಸಿದಳು. ಆಕೆಗೂ ಆ ವಾರವೆಲ್ಲ ಜ್ವರ. ಕಂಬಳಿ ಹೊದ್ದು ಮಲಗಿಬಿಟ್ಟಳು.

ಎರಡು ದಿನ ಕಳೆದರೂ ಕೂಸಿಗೆ ಗುಣ ಕಾಣಲಿಲ್ಲ. ಮೂರನೆಯ ಬೆಳಗ್ಗೆ ಸೊಸೆ ಅತ್ತೆಯ ಬಾಯಿಗೆ ಒಂದು ಬೆರಳು ಜೇನುತುಪ್ಪ ಸವರಿದಳು. ಅಜ್ಜಿ ಮುಖ ಕಿವುಚಿ, "ಇದ್ಯಾವ ಜೇನವ್ವ, ಈ ಪಾಟಿ ಕಹಿ?" ಎಂದಳು.

"ಕಹಿಯಾ? ಹೊಸ ತುಪ್ಪ ಕಣತ್ತೆ, ನೆನ್ನೆ ತಾನೆ ಇಳಿಸಿದ್ದು."

ಕೇತಜ್ಜಿ ದಡಕ್ಕನೆ ಎದ್ದು ಕೂತಳು. ಜ್ವರದ ಬಾಯಿಗೆ ಜೇನೇ ಕಹಿಯಾಗಿದ್ದರೆ, ಆ ದಿನ ತಾನು ಕಚ್ಚಿದ್ದು ಯಾವ ತೊಗಟೆ? ಜಂಬ ಕೊಚ್ಚಿದ ನಾಲಿಗೆಯೇ ಕೈಕೊಟ್ಟಿತ್ತು. ಎರಡೂ ಅಂಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಗೋಡೆ ಮರ ಹಿಡಿಯುತ್ತಾ ಬಂಡೆಗೆ ಬಂದು ಬೊಮ್ಮಿಯನ್ನು ಕೂಗಿದಳು. ಬೊಮ್ಮಿ ಆಕೆಯ ಶಿಷ್ಯರಲ್ಲೆಲ್ಲ ಚುರುಕಾದ ಹುಡುಗಿ. ಹತ್ತು ವರ್ಷವೂ ತುಂಬಿರಲಿಲ್ಲ. ಬಂದವಳೇ ರೂಢಿಯಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಲು ಹೋದಳು.

"ಬಟ್ಟೆ ಬ್ಯಾಡ ಕಣವ್ವ," ಎಂದಳು ಅಜ್ಜಿ. ಸೆರಗು ಬಿಚ್ಚಿ ಎರಡೂ ಅಂಡೆಗಳನ್ನು ಅವಳ ಮುಂದಿಟ್ಟಳು. "ಇವತ್ತು ಕಣ್ಣಲ್ಲೂ ನೋಡು, ನಾಲಿಗೇಲೂ ನೋಡು. ನಂಗೆ ಕಣ್ಣು ಕಾಣದಿಲ್ಲ."

"ಗೊತ್ತದ ಕಣಜ್ಜಿ," ಎಂದಳು ಬೊಮ್ಮಿ, ಆಗಲೇ ಒಂದು ಚೂರು ಬಾಯಿಗೆ ಹಾಕಿ ಅಗಿಯುತ್ತಾ. "ಹೋದ ವರ್ಸದಿಂದ ನಮಗೆಲ್ಲ ಗೊತ್ತದ. ಬಟ್ಟೆ ಕಟ್ಟದೆ ಬರೀ ಕೂತ್ಕಂಡ್ರೂ ನೀನು ಬೈತಿರ್ಲಿಲ್ಲ. ಆದ್ರೂ ನಾವು ಕಟ್ಕತಿದ್ದೊ. ಇದು ಸಪ್ಪೆ ಅಜ್ಜಿ, ಹಾಲೆ."

ಅದು ಕೂಸಿಗೆ ಕೊಟ್ಟ ಅಂಡೆಯದು. ಎರಡನೆಯದನ್ನು ಕಚ್ಚಿದ್ದೇ ಹುಡುಗಿ ಥೂ ಥೂ ಎಂದು ಉಗಿದು ಬಂಡೆಯ ಮೇಲೆಲ್ಲ ಕುಣಿದಾಡಿದಳು. ಅಷ್ಟು ಸಿಹಿಯಾದ ಸದ್ದನ್ನು ಕೇತಜ್ಜಿ ಹುಟ್ಟಿದ ಮೇಲೆ ಕೇಳಿರಲಿಲ್ಲವಂತೆ. ಇಬ್ಬರೂ ಕೈ ಹಿಡಿದುಕೊಂಡು ಜಡೆಯನ ಮನೆಗೆ ಹೋದರು. ಅಜ್ಜಿ ಮೊದಲು ಕಷಾಯ ಕುಡಿಸಿ, ಆಮೇಲೆ ತನ್ನ ತಪ್ಪನ್ನೂ ಕಣ್ಣು ಹೋದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿ ಮನೆಗೆ ಬಂದು ಗೋಡೆಗೊರಗಿ ಕೂತಳು.

ನಾಲ್ಕನೆಯ ದಿನ ಕೂಸು ಗಂಜಿ ಬೇಕೆಂದು ಅತ್ತಿತು. ಬಂಡೆಯ ಬಳಿಗೆ ಜಡೆಯ ಬಂದಾಗ, ಅಲ್ಲಿ ಮಕ್ಕಳೊಂದಿಗೆ ಕಾದಿದ್ದ ಅಜ್ಜಿ ಚೀಲ ಚಾಚಿದಳು. ಮಕ್ಕಳೆಲ್ಲ ಸುತ್ತ ನೆರೆದರು. ಯಜಮಾನ ಚೀಲವನ್ನು ತೆಗೆದುಕೊಂಡು, ಒಂದು ಗಳಿಗೆ ತೂಗಿ ನೋಡಿ, ಮತ್ತೆ ಆಕೆಯ ಹೆಗಲಿಗೇ ಹಾಕಿದ.

"ಕಣ್ಣು ಹೋದ್ರ ಚೀಲ ಇಳಿಸ್ಬೇಕು, ದಿಟ," ಎಂದ. "ಆದ್ರ ಇಷ್ಟೊಂದು ಕಣ್ಣು, ಇಷ್ಟೊಂದು ನಾಲಿಗೆ ಸಾಕಿದ್ದೀಯಲ್ಲ ಕೇತವ್ವ. ಇನ್ಮ್ಯಾಲ ಇವೇ ನಿನ್ನವು."

ಕೇತಜ್ಜಿ ಎರಡು ವರ್ಷದಿಂದ ಎದೆಯ ಮೇಲಿದ್ದ ಭಾರವನ್ನು ಇಳಿಸಿ, ಅತ್ತು, ನಕ್ಕು, ಮಕ್ಕಳ ತಲೆಗಳನ್ನು ಒಂದೊಂದಾಗಿ ಸವರಿದಳು ಎನ್ನುತ್ತಾರೆ. ಇನ್ನೆಂದೂ ಇಂಥ ತಪ್ಪಾಗದಿರಲೆಂದು ದಾರಿಯ ಆಚೆಗೊಂದು ಕೊಡಸಿಗೆ, ಈಚೆಗೊಂದು ಹಾಲೆ ಗಿಡವನ್ನು ಜಡೆಯ ನೆಡಿಸಿದ. ಬೊಮ್ಮಿ ಮತ್ತವಳ ಗೆಳತಿಯರು ಅಜ್ಜಿಯ ನಾಲಿಗೆಯಾದ ಜಾಗ ಅಜ್ಜಿನಾಲಿಗೆ ಬಂಡೆಯಾಯಿತು. ಈಗಿರುವ ಮರಗಳು ಆ ಗಿಡಗಳ ಬೀಜದಿಂದ ಎದ್ದವಂತೆ.

ಈಗಲೂ ಮಳೆ ಹಿಡಿಯುವ ಮೊದಲು ಸುತ್ತಲಿನ ಶಾಲೆಯವರು ಮಕ್ಕಳನ್ನು ಇಲ್ಲಿಗೆ ಕರೆತರುತ್ತಾರೆ. ಪೋಡಿನ ಹಿರಿಯರು ಪಾಠ ಹೇಳುತ್ತಾರೆ. ಆ ದಿನ ಹೋದವರಿಗೆ ಮರಗಳ ಕಾಂಡದ ಮೇಲೆ ಹಸಿಮಣ್ಣು ಮೆತ್ತಿದ ಪುಟ್ಟ ಕೈಗುರುತುಗಳು ಕಾಣುತ್ತವೆ. ಇನ್ನೊಂದು ಪದ್ಧತಿಯನ್ನೂ ಅವರು ಬಿಟ್ಟಿಲ್ಲ. ಪಾಠಕ್ಕೆ ಮೊದಲು ಕಣ್ಣಿಗೆ ಬಟ್ಟೆ ಬೀಳುವುದು ಕಲಿಸುವವರಿಗೆ. ಕಟ್ಟುವುದು ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕ ಮಗು. ಎರಡು ತೊಗಟೆಗಳನ್ನು ಹಿರಿಯರ ಕೈಗಿಟ್ಟರೆ, ಗೊತ್ತಿದ್ದರೂ ಅವರು ಹೆಸರು ಹೇಳುವಂತಿಲ್ಲ. ಎರಡರಿಂದಲೂ ಒಂದೊಂದು ಚೂರನ್ನು ಆ ಮಗುವಿಗೆ ಕೊಟ್ಟು ಕಾಯಬೇಕು. ಮಗು ಥೂ ಎಂದು ಉಗಿದ ಮೇಲೆ, ಅದರ ಬಾಯಿಗೆ ಜೇನು ಸವರಿ, ಪಾಠ ಶುರುಮಾಡುತ್ತಾರೆ.