ನಡೆದಾಡುವ ವಿಭೂತಿ

"ಕೆರ್ಕೊಳ್ದೆ ಇನ್ನೇನ್ ಮಾಡ್ಲಿ ಬುದ್ಧಿ? ಬೆಳಿಗ್ಗೆಯಿಂದ ಹಣೆ ಒಂದೇ ನವೆ. ಎಲ್ಲರಿಗೂ ವಿಭೂತಿ ಇಟ್ಕೊಂಡ್ರೆ ತಂಪಾಗುತ್ತೆ. ನಂಗೆ ಮಾತ್ರ ಕಡಿಯುತ್ತೆ. ಇದರಲ್ಲೂ ನನ್ನ ಅದೃಷ್ಟ ನೋಡಿ."

ನದಿ ದಡದ ಸಣ್ಣ ಮಠ. ಜಗಲಿ ಮೇಲೆ ಸಿದ್ಧಮಲ್ಲ ಸ್ವಾಮಿಗಳು ಕೂತು ಅವರೆಕಾಯಿ ಸುಲೀತಿದ್ರು. ಎದುರಿಗೆ ಕೂತು ಗೊಣಗ್ತಿದ್ದವನು ಅವರ ಶಿಷ್ಯ, ಟೈಲರ್ ಗುರುಮಲ್ಲಪ್ಪ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಭಕ್ತಿ ಮಾತ್ರ ಅಳತೆಗಿಂತ ಎರಡು ಇಂಚು ಜಾಸ್ತಿ.

"ಯಾವ ವಿಭೂತಿ ಅದು?" ಅಂದ್ರು ಸ್ವಾಮಿಗಳು.

"ಅಂಗಡೀದಲ್ಲ ಬುದ್ಧಿ. ನಮ್ಮ ಹಿತ್ತಿಲ ದಾಸವಾಳದ ಮೇಲೆ ತಾನಾಗೇ ಉದುರಿದ್ದು. ಎಲೆ ತುಂಬ, ಕೊಂಬೆ ತುಂಬ, ಬೆಳ್ಳಗೆ. ದಿನಾ ಆ ಹೂವನ್ನೇ ಶಿವನಿಗೆ ಏರಿಸ್ತಿದ್ದೆ. ಮೆಚ್ಚಿ ಕೊಟ್ಟಿದ್ದಾನೆ. ನಿಮಗೂ ತಂದಿದ್ದೀನಿ."

ಜೇಬಿಂದ ಒಂದು ಪೊಟ್ಟಣ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಸ್ವಾಮಿಗಳು ಪೊಟ್ಟಣ ಬಿಚ್ಚಿ ಕಣ್ಣಿನ ಹತ್ರ ಹಿಡಿದ್ರು. ಆಮೇಲೆ ಶಿಷ್ಯನ ಹಣೆ ಹತ್ರ ಬಗ್ಗಿದ್ರು.

"ಗುರುಮಲ್ಲ, ಮೂರು ಪಟ್ಟೆ ಎಳ್ಕೊಂಡಿದ್ದೆಯಾ?"

"ಹೌದು ಬುದ್ಧಿ."

"ಈಗ ಎರಡೂವರೆ ಇದೆ. ಉಳಿದರ್ಧ ಹುಬ್ಬಿನ ಕಡೆ ಹೊರಟಿದೆ."

ಗುರುಮಲ್ಲಪ್ಪ ಹಣೆಗೆ ಫಟಾರ್ ಅಂತ ಹೊಡ್ಕೊಂಡ. ಸ್ವಾಮಿಗಳು ಹುಬ್ಬಿನ ಮೇಲಿದ್ದ ಒಂದು ಚುಕ್ಕೆಯನ್ನ ಮೆಲ್ಲಗೆ ಬೆರಳ ತುದಿಗೆ ಹತ್ತಿಸ್ಕೊಂಡು ಅವನ ಮುಂದೆ ಹಿಡಿದ್ರು.

"ಸೂಜಿಗೆ ದಾರ ಪೋಣಿಸೋ ಕಣ್ಣಲ್ವಾ? ನೋಡು."

ನೋಡಿದ. ಚುಕ್ಕೆಗೆ ಕಾಲಿತ್ತು.

"ಇದನ್ನ ಹಿಟ್ಟು ತಿಗಣೆ ಅಂತಾರೆ. ಸಮುದ್ರದಾಚೆ ದೇಶದ್ದು. ಯಾವುದೋ ಗಿಡದ ಜೊತೆ ಕೂತು ಬಂದು ಇಲ್ಲೇ ಸಂಸಾರ ಹೂಡಿದೆ. ಹಿಟ್ಟಿನ ಥರ ಕಾಣೋದು ಅದರ ಮೈಮೇಲಿನ ಮೇಣ. ಕೂತಲ್ಲೇ ಕೂತು ಗಿಡದ ರಸ ಹೀರುತ್ತೆ. ಚಿಗುರು ಮುದುರಿದ್ಯಾ?"

"ಮುದುರಿದೆ ಬುದ್ಧಿ. ಗಿಡಾನೂ ಕೈ ಮುಗೀತಿದೆ ಅಂದ್ಕೊಂಡೆ."

"ಎಲೆ ಅಂಟಂಟಾಗಿದ್ಯಾ?"

"ತೀರ್ಥ ಅಂದ್ಕೊಂಡೆ."

ಸ್ವಾಮಿಗಳು ಪೊಟ್ಟಣ ಮಡಿಸಿ ದೂರಕ್ಕಿಟ್ರು.

"ನೆಕ್ಕಲಿಲ್ಲ ತಾನೇ?"

ಗುರುಮಲ್ಲಪ್ಪ ನದಿ ಕಡೆ ನೋಡ್ದ.

"ಬೇರೆಯವರಿಗೇನಾದ್ರೂ ಹಂಚಿದೆಯಾ?"

"ಬೀದಿಗೆಲ್ಲ ಕೊಟ್ಟೆ ಬುದ್ಧಿ. ಒಂಬತ್ತು ಮನೆ. ಒಬ್ಬನೇ ಇಟ್ಕೊಂಡ್ರೆ ಪಾಪ ಅಲ್ವಾ?"

"ಈ ಹೆಣ್ಣು ಹುಳಕ್ಕೆ ರೆಕ್ಕೆ ಇಲ್ಲ ಕಣಪ್ಪ. ಹಿತ್ತಿಲಿಂದ ಹಿತ್ತಿಲಿಗೆ ಹೆಂಗೆ ಹೋಗುತ್ತೆ ಅಂತ ನಾನೂ ಯೋಚನೆ ಮಾಡ್ತಿದ್ದೆ."

ಗುರುಮಲ್ಲಪ್ಪನ ಮುಖ ಇಳಿದುಹೋಯ್ತು. ನವೆ ಮರೆತೇಹೋಯ್ತು.

"ಬುದ್ಧಿ, ಗಿಡ ಸಾಯುತ್ತಾ?"

"ಹೀಗೇ ಬಿಟ್ರೆ ಸಾಯಬಹುದು."

"ಸಾಯಬಾರದು ಬುದ್ಧಿ. ಅದು ನನ್ನ ಹೆಂಡತಿ ದಾಕ್ಷಾಯಿಣೀದು. ಅವರಮ್ಮ ತೀರ್ಕೊಳ್ಳೋ ವರ್ಷ ಮುರಿದುಕೊಟ್ಟ ಕೊಂಬೆ. ಆ ಮನೆ ರಸ್ತೆಗೆ ಹೋಯ್ತು, ಆ ಹಿತ್ತಿಲೂ ಹೋಯ್ತು. ಅಲ್ಲಿಂದ ಉಳಿದಿರೋದು ಇದೊಂದೇ. ಅವಳ ತಂಗಿ ಸೊಂಟ ಮುರ್ಕೊಂಡಿದ್ದಾಳೆ ಅಂತ ನೋಡ್ಕೊಳ್ಳೋಕೆ ಹೋಗಿದ್ದಾಳೆ. ಹೋಗೋವಾಗ ಮನೆ ಬೀಗ, ಗ್ಯಾಸು, ಹಾಲು, ಯಾವುದಕ್ಕೂ ಏನೂ ಹೇಳಲಿಲ್ಲ. ಗಿಡ ನೋಡ್ಕೊಳ್ಳಿ ಅಂದ್ಲು, ಅಷ್ಟೇ. ಇನ್ನು ಹದಿನೈದು ದಿನಕ್ಕೆ ಬರ್ತಾಳೆ. ಏನಾದ್ರೂ ಔಷಧಿ ಹೇಳಿ, ಇವತ್ತೇ ಹೊಡೆದುಬಿಡ್ತೀನಿ."

"ಮೊದಲು ನಿನ್ನ ಪ್ರಸಾದ ಕೊಟ್ಟ ಮನೆಗಳಿಂದೆಲ್ಲ ವಾಪಸ್ ಇಸ್ಕೊಂಡು ಸೋಪಿನ ನೀರಿಗೆ ಹಾಕು. ಆಮೇಲೆ ಮೂರು ದಿನ ಗಿಡದ ಹತ್ರ ಕೂತ್ಕೊ. ಯಾರು ಹತ್ತುತಾರೆ, ಯಾರು ಇಳೀತಾರೆ ನೋಡ್ಕೊಂಡು ಬಾ."

"ಔಷಧಿ?"

"ಅದೇ."

ಗುರುಮಲ್ಲಪ್ಪ ಒಂಬತ್ತು ಮನೆಗೂ ಹೋದ. ಎದುರು ಮನೆ ಸಾವಂತಮ್ಮ ಅದನ್ನ ಕುಂಕುಮದ ಭರಣಿಯಲ್ಲಿ ಇಟ್ಟಿದ್ರು.

"ದೇವರು ಕೊಟ್ಟದ್ದನ್ನ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು ಗುರುಮಲ್ಲಪ್ಪ," ಅಂದ್ರು.

"ಅದು ಹುಳ ಕಣಮ್ಮ."

"ಅಯ್ಯೋ! ನೀನು ಕೊಟ್ಟೆ ಅಂತ ಮಗು ಹಣೆಗೂ ಇಟ್ಟೆನಲ್ಲೋ!"

ಮಿಕ್ಕ ಮನೆಗಳಲ್ಲಿ ಅಂದದ್ದನ್ನ ಅವನು ಯಾರಿಗೂ ಹೇಳಲಿಲ್ಲ.

ಮೂರನೇ ದಿನ ಮಠಕ್ಕೆ ಬಂದ.

"ಇರುವೆ ಬುದ್ಧಿ. ಬರೀ ಇರುವೆ. ಹತ್ತೋವಾಗ ಅವಸರ, ಇಳಿಯೋವಾಗ ಹೊಟ್ಟೆ ಡುಬ್ಬ. ಮದುವೆ ಊಟಕ್ಕೆ ಹೋಗಿಬಂದ ಹಂಗೆ."

"ಅಲ್ಲಿ ಬಡಿಸ್ತಿರೋದು ನಿನ್ನ ತೀರ್ಥ. ತಿಗಣೆ ಬಿಡೋ ಸಿಹಿ ನೀರು. ಆ ಆಸೆಗೆ ಇರುವೆ ಅದಕ್ಕೆ ಕಾವಲು ನಿಲ್ಲುತ್ತೆ. ತಿಗಣೇನ ತಿನ್ನೋಕೆ ಯಾರಾದ್ರೂ ಬಂದ್ರೆ ಕಚ್ಚಿ ಓಡಿಸುತ್ತೆ."

"ಇರುವೆ ಕೊಲ್ಲಲಾ?"

"ಕೊಲ್ಲೋದಕ್ಕೆ ಯಾಕಪ್ಪ ಇಷ್ಟು ಅವಸರ ನಿಂಗೆ? ಮುದುರಿರೋ ಚಿಗುರನ್ನ ಕತ್ತರಿಸಿ ಸೋಪಿನ ನೀರಲ್ಲಿ ಮುಳುಗಿಸು. ಬುಡಕ್ಕೆ ಹರಳೆಣ್ಣೆ ಬಟ್ಟೆ ಸುತ್ತು. ಇರುವೆ ದಾಟಲ್ಲ. ಆಮೇಲೆ ಕೈ ಕಟ್ಕೊಂಡು ಕೂತ್ಕೊ."

ಗುರುಮಲ್ಲಪ್ಪ ಹಾಗೇ ಮಾಡ್ದ. ಕತ್ತರಿ ಅವನ ಕೈಗೆ ಸಿಕ್ಕಿದ್ದೇ ತಪ್ಪಾಯ್ತು, ಗಿಡ ಅರ್ಧ ಬೋಳಾಯ್ತು. ಎಣ್ಣೆ ಬಟ್ಟೆಗೆ ಅಂಚು ಮಡಿಸಿ ಹೊಲಿಗೇನೂ ಹಾಕ್ದ. ಇರುವೆಗಳು ಅಂಚಿನ ತನಕ ಬಂದು, ನೋಡಿ, ವಾಪಸ್ ಹೋದ್ವು.

ಕೈ ಕಟ್ಕೊಂಡು ಕೂರೋದೊಂದು ಅವನಿಗೆ ಆಗಲಿಲ್ಲ.

ಇನ್ನೊಂದು ವಾರಕ್ಕೆ ಒಂದು ಸಣ್ಣ ಬಾಟಲಿ ಹಿಡ್ಕೊಂಡು, ಎದೆ ಉಬ್ಬಿಸ್ಕೊಂಡು ಮಠದ ಮೆಟ್ಟಿಲು ಹತ್ತಿದ.

"ಬುದ್ಧಿ, ಆ ತಿಗಣೆಗಳ ಯಜಮಾನರನ್ನೇ ಹಿಡಿದೆ! ಇರುವೆ ಹೋದಮೇಲೆ ಹೊರಗೆ ಬಂದ್ವು ನೋಡಿ. ಅದೇ ಬಿಳಿ ಮೇಣ, ಆದ್ರೆ ಎರಡರಷ್ಟು ದಪ್ಪ. ಮೈ ತುಂಬ ಜೂಲು. ಕೊಂಬೆ ಮೇಲೆ ಓಡಾಡ್ತವೆ, ಏನು ಜೋರು! ಸೂಜಿ ತಗೊಂಡು ಒಂದೊಂದನ್ನೇ ಚುಚ್ಚಿದೆ. ಒಂದನ್ನ ಮಾತ್ರ ನಿಮಗೆ ತೋರಿಸೋಕೆ ಅಂತ ಜೀವಂತ ಇಟ್ಟಿದ್ದೀನಿ."

ಸ್ವಾಮಿಗಳು ಬಾಟಲಿ ತಗೊಂಡು ನೋಡಿದ್ರು. ಎದ್ದು ಹೋಗಿ ಮಠದ ಅಂಗಳದ ದಾಸವಾಳದಿಂದ ಹಿಟ್ಟು ತಿಗಣೆ ಕೂತಿದ್ದ ಒಂದು ಎಲೆ ಕಿತ್ಕೊಂಡು ಬಂದ್ರು. ಅದನ್ನ ಜಗಲಿ ಮೇಲಿಟ್ಟು, ಬಾಟಲಿಯ ಹುಳಾನ ಮೆಲ್ಲಗೆ ಅದರ ಮೇಲೆ ಬಿಟ್ರು.

"ಬಾ, ಕೂತ್ಕೊ."

ಇಬ್ಬರೂ ಎಲೆ ಮೇಲೆ ಬಗ್ಗಿ ಕೂತ್ರು.

ಜೂಲು ಹುಳ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಹೊರಟಿತು. ಒಂದು ತಿಗಣೆ ಹತ್ರ ಹೋಯ್ತು. ತಲೆ ತಗ್ಗಿಸ್ತು.

"ಮಾತಾಡಿಸ್ತಿದೆ," ಅಂದ ಗುರುಮಲ್ಲಪ್ಪ.

ಸ್ವಾಮಿಗಳು ಎಲೆಯನ್ನ ಬೆಳಕಿನ ಕಡೆ ಒಂಚೂರು ತಿರುಗಿಸಿದ್ರು.

ತಿಗಣೆ ಸಣ್ಣಗಾಯ್ತು. ಇನ್ನೂ ಸಣ್ಣಗಾಯ್ತು. ಕೊನೆಗೆ ಬರೀ ಮೇಣದ ಪುಡಿ ಉಳೀತು. ಜೂಲು ಹುಳ ಮುಂದಿನದರ ಹತ್ರ ಹೋಯ್ತು.

ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಬಂತು. ಇಬ್ಬರೂ ಏಳಲಿಲ್ಲ.

"ಎಷ್ಟನೇದು?" ಅಂದ್ರು ಸ್ವಾಮಿಗಳು.

"ನಾಲ್ಕನೇದು ಬುದ್ಧಿ." ಅವನ ದನಿ ಇಳಿದುಹೋಗಿತ್ತು. "ಇದು ಯಜಮಾನ ಅಲ್ಲ."

"ಅಲ್ಲ. ಗುಲಗಂಜಿ ಹುಳದ ಜಾತಿ, ಅದರ ಮರಿ. ಬೆಳೆದ್ರೆ ಕಪ್ಪು ಮೈ, ಕೆಂಪಗಿರೋ ತಲೆ, ಸಾಸಿವೆಗಿಂತ ಒಂದಿಷ್ಟು ದಪ್ಪ. ತಿಗಣೆ ನಡುವೆ ತಿಗಣೆ ವೇಷ ಹಾಕ್ಕೊಂಡು ತಿಗಣೇನೇ ತಿನ್ನುತ್ತೆ. ಇರುವೆ ಕಣ್ಣಿಗೂ ಎಷ್ಟೋ ಸಲ ಮಣ್ಣೆರಚುತ್ತೆ."

"ನನ್ನ ಕಣ್ಣಿಗೂ."

"ಎಷ್ಟನ್ನ ಚುಚ್ಚಿದೆ?"

"ಅರವತ್ತಮೂರು ಬುದ್ಧಿ. ಶಿವಭಕ್ತ ಪುರಾತನರ ಸಂಖ್ಯೆ, ಒಳ್ಳೇದು ಅಂತ ಅಲ್ಲಿಗೆ ನಿಲ್ಲಿಸಿದ್ದೆ."

ಸ್ವಾಮಿಗಳ ಭುಜ ಒಂದ್ಸಲ ಅಲುಗಾಡ್ತು. ನಕ್ಕರೋ ನಿಟ್ಟುಸಿರು ಬಿಟ್ಟರೋ ತಿಳೀಲಿಲ್ಲ.

"ಬೈದುಬಿಡಿ ಬುದ್ಧಿ."

"ಯಾಕೆ ಬೈಲಿ? ಮೊದಲು ಬೆಳ್ಳಗಿದೆ ಅಂತ ಹಣೆಗೆ ಹಚ್ಕೊಂಡೆ. ಆಮೇಲೆ ಬೆಳ್ಳಗಿದೆ ಅಂತ ಕೊಂದೆ. ಎರಡು ಸಲಾನೂ ಬಣ್ಣ ನೋಡಿದೆ, ನಡಿಗೆ ನೋಡಲಿಲ್ಲ."

"ಈಗೇನ್ ಮಾಡ್ಲಿ? ಸೋಪಿನ ನೀರು ಹೊಡೀಲಾ?"

"ಸೋಪಿನ ನೀರಿಗೆ ನಿನ್ನಷ್ಟೂ ಕಣ್ಣಿಲ್ಲ."

ಸ್ವಾಮಿಗಳೇ ಎದ್ದು ಅಂಗಳಕ್ಕೆ ಹೋದ್ರು. ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತ್ರು. ಎಂಬತ್ತು ದಾಟಿದ ಕೈ ಒಂದಿಷ್ಟೂ ನಡುಗಲಿಲ್ಲ. ಒಂದೊಂದೇ ಎಲೆ ತಿರುಗಿಸಿ, ಜೂಲು ಹುಳ ಇರೋ ಎಲೆ ಮಾತ್ರ ಕಿತ್ತು, ಶಿಷ್ಯನ ಟಿಫಿನ್ ಡಬ್ಬಿಗೆ ಇಳಿಸಿದ್ರು. ಗುರುಮಲ್ಲಪ್ಪ ಪಕ್ಕದಲ್ಲಿ ನಿಂತು ಆ ಬೆರಳುಗಳನ್ನೇ ನೋಡ್ತಿದ್ದ. ಮೂವತ್ತು ವರ್ಷ ಸೂಜಿ ಹಿಡಿದವನು ಅವನು. ಇಷ್ಟು ಹಗುರಾದ ಕೈಯನ್ನ ಕಂಡಿರಲಿಲ್ಲ.

"ಇವು ಎಷ್ಟು ದಿನದಲ್ಲಿ ಮುಗಿಸ್ತವೆ ಬುದ್ಧಿ?"

"ಅವಕ್ಕೆ ನಿನ್ನ ಹೆಂಡತಿ ಬರೋ ದಿನ ಗೊತ್ತಿಲ್ಲ ಕಣಪ್ಪ."

ಬಸ್ಸಲ್ಲಿ ಡಬ್ಬಿಯನ್ನ ತೊಡೆ ಮೇಲಿಟ್ಕೊಂಡು, ಮುಚ್ಚಳ ಒಂಚೂರು ಓರೆ ಮಾಡಿ ಕೂತಿದ್ದ. ಪಕ್ಕದವನು ಕೇಳ್ದ:

"ಏನ್ ಸಾರ್ ಊಟ?"

"ಊಟ ಮನೇಲಿದೆ. ಊಟ ಮಾಡೋರು ಒಳಗಿದ್ದಾರೆ."

ಪಕ್ಕದವನು ಮುಂದಿನ ಸ್ಟಾಪಲ್ಲಿ ಸೀಟು ಬದಲಾಯಿಸ್ದ.

ದಾಕ್ಷಾಯಿಣಿ ಹೇಳಿದ್ದಕ್ಕಿಂತ ಒಂದು ದಿನ ಮುಂಚೆ ಬಂದ್ಲು. ಬ್ಯಾಗು ಹೆಗಲಲ್ಲೇ ಇತ್ತು, ಚಪ್ಪಲಿ ಕಾಲಲ್ಲೇ ಇತ್ತು. ನೇರ ಹಿತ್ತಿಲಿಗೆ ಬಂದ್ಲು.

ಅರ್ಧ ಬೋಳಾದ ಗಿಡ. ಬುಡಕ್ಕೊಂದು ಅಂಚು ಹೊಲಿದ ಪಟ್ಟಿ. ಎದುರಿಗೆ ಬಕೆಟ್ ಬೋರಲು ಹಾಕ್ಕೊಂಡು ಕೂತ ಗಂಡ.

"ಏನ್ರೀ ಇದು! ಅಯ್ಯೋ, ಏನ್ ಮಾಡಿದ್ರಿ ನಮ್ಮಮ್ಮನ ಗಿಡಕ್ಕೆ?"

ಬಿಳಿ ಕಂಡ ಕೊಂಬೆಯನ್ನ ಸೆರಗಲ್ಲಿ ಒರೆಸೋಕೆ ಕೈ ಚಾಚಿದ್ಲು.

"ಮುಟ್ಬೇಡ ಕಣೇ!"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗುರುಮಲ್ಲಪ್ಪ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಇಬ್ಬರೂ ಬೆಚ್ಚಿದ್ರು.

ಆಮೇಲೆ ಎಲ್ಲಾ ಹೇಳ್ದ. ವಿಭೂತಿ ಹೇಳ್ದ, ಒಂಬತ್ತು ಮನೆ ಹೇಳ್ದ, ಅರವತ್ತಮೂರು ಹೇಳ್ದ, ಡಬ್ಬೀಲಿ ತಂದು ಗಿಡಕ್ಕೆ ಬಿಟ್ಟ ಜೂಲು ಮರಿಗಳನ್ನೂ ಹೇಳ್ದ. ಯಾರೂ ಕೇಳದೆ ಇದ್ರೂ ತೀರ್ಥ ನೆಕ್ಕಿದ್ದನ್ನೂ ಹೇಳ್ದ.

"ಬದುಕುತ್ತೋ ಇಲ್ವೋ ಗೊತ್ತಿಲ್ಲ," ಅಂದ. "ನೋಡ್ಕೊಳ್ಳಿ ಅಂದಿದ್ದೆ ನೀನು. ನಾನು ನೋಡಲೇ ಇಲ್ಲ. ಬೈಯೋದಿದ್ರೆ ಬೈದುಬಿಡು."

ದಾಕ್ಷಾಯಿಣಿ ಬೈಯಲಿಲ್ಲ. ಬ್ಯಾಗು ಕೆಳಗಿಟ್ಲು. ಸೀರೆ ಎತ್ತಿ ಸಿಕ್ಕಿಸಿ ಗಿಡದ ಹತ್ರ ಕುಕ್ಕರಗಾಲಲ್ಲಿ ಕೂತ್ಲು. ಒಂದು ಎಲೆಯನ್ನ ಬೆರಳಲ್ಲಿ ಮೆಲ್ಲಗೆ ತಿರುಗಿಸಿದ್ಲು.

ತುಂಬಾ ಹೊತ್ತು ನೋಡಿದ್ಲು.

ಗುರುಮಲ್ಲಪ್ಪನಿಗೆ ತಡೆಯೋಕಾಗಲಿಲ್ಲ. ಎದ್ದು ಬಂದು ಅವಳ ಹಿಂದೆ ಬಗ್ಗಿ ನಿಂತ.

"ಏನ್ ಕಾಣ್ತಿದೆ?"

"ಶ್... ಊಟ ಮಾಡ್ತಾ ಇದೆ," ಅಂದ್ಲು ದಾಕ್ಷಾಯಿಣಿ. "ನೀವು ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ನೆರಳು ಬೀಳ್ತಿದೆ."